ಮಹಡಿಯ ಮೇಲಿನ ಡಾಕ್ಟ್ರಮ್ಮ

ಮೈಸೂರಿನ ಗೋಕುಲಂನಲ್ಲಿ ಸೂರ್ಯನಿಗಿಂತ ಮುಂಚೆ ಏಳುವವರು ಮೂರು ಬಗೆ. ಹಾಲಿನವರು, ಪೇಪರಿನವರು ಒಂದು ಬಗೆ. ಅವರು ಎಲ್ಲ ಊರಲ್ಲೂ ಇದ್ದಾರೆ. ಕಂಕುಳಲ್ಲಿ ಚಾಪೆಯ ಸುರುಳಿ ಸಿಕ್ಕಿಸಿಕೊಂಡು, ನಿದ್ದೆಗಣ್ಣಲ್ಲೇ ಬಾಡಿಗೆ ಸ್ಕೂಟರ್ ಏರಿ ಹೊರಡುವ ಪರದೇಶದ ಯೋಗಾರ್ಥಿಗಳು ಇನ್ನೊಂದು ಬಗೆ. ಮೂರನೆಯ ಬಗೆಯಲ್ಲಿ ಸದ್ಯಕ್ಕೆ ಒಬ್ಬಳೇ ಇದ್ದಾಳೆ, ಅವಳು ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದಾಳೆ. ಭಾನುವಾರವೂ ನಸುಕಿಗೇ ಗೇಟು ಕಿರ್ರೆನ್ನಿಸಿ ಹೊರಡುವ ಅವಳನ್ನು ಎದುರುಮನೆಯ ಮೇಷ್ಟ್ರು ಒಮ್ಮೆ ತಡೆದು, "ಯೋಗಕ್ಕೇನಮ್ಮಾ?" ಎಂದು ಕೇಳಿದರಂತೆ. "ಇಲ್ಲ ಸರ್, ಕ್ಯಾನ್ಸರಿಗೆ ಊಟ ಹಾಕಿ ಬರಬೇಕು" ಎಂದಳಂತೆ. ಮೇಷ್ಟ್ರು ಅವತ್ತು ವಾಕಿಂಗನ್ನು ಅರ್ಧಕ್ಕೇ ಬಿಟ್ಟು ಬಂದು ನನ್ನನ್ನು ಎಬ್ಬಿಸಿದರು.

ಯೋಗಗುರು ಪಟ್ಟಾಭಿ ಜೋಯಿಸರು ಲಕ್ಷ್ಮೀಪುರದ ಪುಟ್ಟ ಯೋಗಶಾಲೆಯಿಂದ 2002ರಲ್ಲಿ ನಮ್ಮ ಬಡಾವಣೆಗೆ ಬಂದದ್ದೇ ಬಂದದ್ದು, ಇಲ್ಲಿನ ತಾರಸಿಗಳಿಗೆಲ್ಲ ಶುಕ್ರದೆಸೆ ತಿರುಗಿತು. ಅಲ್ಲಿಯವರೆಗೆ ಹಪ್ಪಳ ಸಂಡಿಗೆ ಒಣಗುತ್ತಿದ್ದ ಜಾಗದಲ್ಲಿ ಕೋಣೆ ಎದ್ದಿತು, ಕೋಣೆಗೊಂದು ಗೀಸರ್ ಬಂತು, ಗೀಸರಿನ ಹಿಂದೆ ಬಾಡಿಗೆಯೂ ಏರಿತು. ಎಳನೀರಿನವನು ರಷ್ಯನ್ ಭಾಷೆಯಲ್ಲಿ ಚಿಲ್ಲರೆ ಕೇಳುವುದನ್ನು ಕಲಿತ. ಆದರೆ ಯೋಗದವರು ಹೆಚ್ಚಾಗಿ ತಿಂಗಳ ಲೆಕ್ಕದಲ್ಲಿ ಇರುವವರು. ನೀರಿನ ಮೋಟರಿನ ಸ್ವಿಚ್ಚು ಎಲ್ಲಿದೆ, ಒಣಕಸ ಯಾವ ಬುಟ್ಟಿಗೆ, ಹಸಿಕಸ ಯಾವ ಬುಟ್ಟಿಗೆ ಎಂಬ ಪಾಠವನ್ನು ಪ್ರತಿ ತಿಂಗಳೂ ಹೊಸ ಮುಖಕ್ಕೆ ಒಪ್ಪಿಸಿ ಒಪ್ಪಿಸಿ ನಮ್ಮಾಕೆ ಬೇಸತ್ತಿದ್ದಳು. ಹಾಗಿರುವಾಗ ತೀರ್ಥಹಳ್ಳಿ ಕಡೆಯ, ಕನ್ನಡ ಬಲ್ಲ, ಹೆಸರಿನ ಹಿಂದೆ ಡಾಕ್ಟರ್ ಎಂದಿರುವ ಹುಡುಗಿ ಮನೆ ಕೇಳಿಕೊಂಡು ಬಂದಳು. ಸಕ್ಕರೆ ಕಾಯಿಲೆ, ಮಂಡಿನೋವು, ಬಿಪಿ ಮೂರನ್ನೂ ಸಾಕಿಕೊಂಡಿರುವ ನಮ್ಮಂಥ ಮನೆಗೆ ಮಹಡಿಯ ಮೇಲೆ ಡಾಕ್ಟರು ಇದ್ದರೆ ಇನ್ನೇನು ಬೇಕು? ನಮ್ಮಾಕೆ ಮುಂಗಡದಲ್ಲಿ ರಿಯಾಯಿತಿ ಕೊಟ್ಟು ಬಿಟ್ಟಳು.

ಬಂದ ವಾರದಲ್ಲೇ ಬಿಪಿ ಯಂತ್ರ ಹಿಡಿದು ಮೇಲೆ ಹೋದ ನಮ್ಮಾಕೆ ಹಾಗೇ ಇಳಿದು ಬಂದಳು. "ಅವಳು ಆ ಡಾಕ್ಟರ್ ಅಲ್ಲವಂತೆ ಕಣ್ರೀ. ಓದಿ ಡಾಕ್ಟರ್ ಆದವಳಂತೆ." ಅದಕ್ಕೆ ನಾನು, "ಆ ಡಾಕ್ಟರುಗಳೂ ಓದಿಯೇ ಆಗುವುದು" ಎಂದೆ. ಸಂಜೆ ಅವಳೇ ಬಂದು ಬಿಡಿಸಿ ಹೇಳಿದಳು. ಪಿಎಚ್‌ಡಿ ಮುಗಿದಿದೆ, ಕಾಯಂ ಕೆಲಸ ಸಿಕ್ಕಿಲ್ಲ. ಈ ನಡುವಿನ ಅವಸ್ಥೆಗೆ ಪೋಸ್ಟ್‌ಡಾಕ್ ಅನ್ನುತ್ತಾರೆ, ಕಾಗದಪತ್ರದಲ್ಲಿ ರಿಸರ್ಚ್ ಅಸೋಸಿಯೇಟ್ ಅಂತ ಬರೆಯುತ್ತಾರೆ. ಬ್ರಹ್ಮಚರ್ಯಕ್ಕೂ ಗೃಹಸ್ಥಾಶ್ರಮಕ್ಕೂ ನಡುವೆ ಮನು ಮರೆತುಹೋದ ಇನ್ನೊಂದು ಆಶ್ರಮ ಎಂದು ನಾನು ಅರ್ಥ ಮಾಡಿಕೊಂಡೆ. ಆಶ್ರಮಧರ್ಮಕ್ಕೆ ತಕ್ಕಂತೆ ಭಿಕ್ಷೆಯೂ ಉಂಟು. 2023ರ ಜನವರಿಯಿಂದ ಮೊದಲ ದರ್ಜೆಯ ಅಸೋಸಿಯೇಟಿಗೆ ತಿಂಗಳಿಗೆ 58,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ ಎಂದು ಕೇಂದ್ರ ಸರ್ಕಾರ ಗೊತ್ತುಮಾಡಿದೆ. ಅದಕ್ಕೆ ಹಿಂದೆ 47,000 ಇತ್ತು. ಗೊತ್ತುಮಾಡುವುದು ಬೇರೆ, ಖಾತೆಗೆ ಬೀಳುವುದು ಬೇರೆ. ಬದುಕಿಡೀ ಬ್ಯಾಂಕಿನಲ್ಲಿ ಕೂತು ಇತರರ ಖಾತೆ ನೋಡಿದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಫೆಲೋಶಿಪ್ಪು ತಿಂಗಳುಗಟ್ಟಲೆ ತೆಪ್ಪಗಿದ್ದು, ಒಂದು ದಿನ ಒಟ್ಟಿಗೆ ಬಂದು ಬೀಳುತ್ತದೆ. ಆವತ್ತು ನಮಗೆ ಬಾಡಿಗೆಯ ಜೊತೆಗೆ ಒಂದು ಪೊಟ್ಟಣ ಮೈಸೂರು ಪಾಕೂ ಬರುತ್ತದೆ. ನನಗೆ ಸಕ್ಕರೆ ಕಾಯಿಲೆ ಎಂಬುದನ್ನು ಅವಳು ಮರೆಯುತ್ತಾಳೆ. ಅವಳು ಆ ಡಾಕ್ಟರ್ ಅಲ್ಲವಲ್ಲ.

ಇಷ್ಟಾದರೂ ನಮ್ಮ ಕ್ರಾಸಿನಲ್ಲಿ ಅವಳಿಗೆ ಡಾಕ್ಟ್ರಮ್ಮ ಎಂಬ ಹೆಸರೇ ನಿಂತಿತು.

ಕ್ಯಾನ್ಸರಿಗೆ ಊಟ ಹಾಕುವ ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಇಂಥ ಕೆಲಸ ನಡೆಯುವ ಜಾಗ ಒಂದೆರಡಲ್ಲ. ಮಾನಸಗಂಗೋತ್ರಿಯ ವಿಭಾಗಗಳಿವೆ, ವಿಜ್ಞಾನ ಭವನವಿದೆ, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಅಣುಜೀವವಿಜ್ಞಾನ ಕೇಂದ್ರವಿದೆ. ಅವಳಿರುವುದು ಊರಿನ ಅಂಥದೇ ಒಂದು ಪ್ರಯೋಗಾಲಯದಲ್ಲಿ. ರಾಮನ್ ಪರಿಣಾಮದ ನೆನಪಿಗೆ ಫೆಬ್ರುವರಿ 28ರಂದು ವಿಜ್ಞಾನ ದಿನ ಆಚರಿಸುತ್ತಾರಲ್ಲ, ಅವತ್ತು ಪ್ರಯೋಗಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ. ಶಾಲೆಯ ಮಕ್ಕಳ ಸಾಲಿನ ಹಿಂದೆ ನಾವಿಬ್ಬರೂ ಹೋದೆವು.

ಕ್ಯಾನ್ಸರನ್ನು ಕೊಲ್ಲುವ ಕೆಲಸ ಎಂದುಕೊಂಡು ಹೋದವರಿಗೆ ಅಲ್ಲಿ ಕಂಡದ್ದು ಅದರ ಬಾಣಂತನ. ಕೋಶಗಳಿಗೆ ಹಗಲೂ ರಾತ್ರಿ 37 ಡಿಗ್ರಿ ಬಿಸಿ ಬೇಕು. ಒಂದು ಡಿಗ್ರಿ ಆಚೀಚೆ ಆಗಬಾರದು. ಗಾಳಿಯಲ್ಲಿ ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇರಬೇಕು. ಊಟವೆಂದರೆ ಗುಲಾಬಿಗೆಂಪಿನ ಒಂದು ದ್ರವ. ಸಕ್ಕರೆ, ಉಪ್ಪು, ಅಮೈನೋ ಆಮ್ಲ, ಜೀವಸತ್ವ ಎಲ್ಲ ಅದರಲ್ಲಿದೆ. ಕೋಶಗಳು ಉಂಡು ತೇಗಿದಂತೆ ದ್ರವ ಹುಳಿಯಾಗಿ ಹಳದಿಗೆ ತಿರುಗುತ್ತದೆ. ಹಳದಿ ಕಂಡಿತೋ, ಅವು ಹಸಿದಿವೆ ಎಂದು ಲೆಕ್ಕ. ಎರಡು ಮೂರು ದಿನಕ್ಕೊಮ್ಮೆ ಹಳೆಯದನ್ನು ಹೀರಿ ತೆಗೆದು ಹೊಸದು ಹಾಕಬೇಕು, ಜಾಗ ತುಂಬಿದರೆ ಬೇರೆ ಪಾತ್ರೆಗೆ ಬಿಡಿಸಿ ಹಾಕಬೇಕು. ಅದಕ್ಕೆ ಭಾನುವಾರ, ಗೌರಿಹಬ್ಬ, ಅಣ್ಣನ ಗೃಹಪ್ರವೇಶ ಯಾವುದೂ ಗೊತ್ತಿಲ್ಲ. ಹಬ್ಬಕ್ಕೆ ಊರಿಗೆ ಬಾರೆಂದು ಅಮ್ಮ ಫೋನ್ ಮಾಡಿದರೆ, "ಕೋಶಗಳನ್ನು ಯಾರಿಗೆ ಒಪ್ಪಿಸಿ ಬರಲಿ?" ಎನ್ನುತ್ತಾಳೆ. ಮದುವೆಯಾದ ಹೆಣ್ಣುಮಕ್ಕಳೂ ಇಷ್ಟು ಖಡಾಖಂಡಿತವಾಗಿ ತವರನ್ನು ನಿರಾಕರಿಸುವುದಿಲ್ಲ.

ಆ ದ್ರವಕ್ಕೆ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಮ್ಮನ್ನು ನೂರಕ್ಕೆ ಹತ್ತು ಪಾಲು ಬೆರೆಸುತ್ತಾರೆ. ಅರ್ಧ ಲೀಟರಿನ ಸೀಸೆಗೆ ಹತ್ತಾರು ಸಾವಿರ ರೂಪಾಯಿ. ಇದನ್ನು ಅವಳು ನನಗೆ ಮಾತ್ರ, ಅದೂ ದನಿ ತಗ್ಗಿಸಿ ಹೇಳಿದಳು. ಗೋಕುಲದಲ್ಲಿ ಕೂತು, ಗೋಪೂಜೆ ಬಿಡದ ಮನೆಯಲ್ಲಿ, ಇನ್ನು ಹೇಗೆ ತಾನೇ ಹೇಳಿಯಾಳು? ನಾನೂ ಒಳಗೆ ಹೇಳಿಲ್ಲ. ನಮ್ಮಾಕೆ ಈ ಪ್ರಬಂಧ ಓದುವುದಿಲ್ಲ ಎಂಬ ಧೈರ್ಯದಿಂದ ಬರೆದಿದ್ದೇನೆ.

ಆದರೆ ನಮ್ಮಾಕೆಗೆ ಆ ಕೋಣೆಯಲ್ಲಿ ಬೇರೊಂದು ವಿಷಯ ಹಿಡಿಸಿತು. ಕೋಶಗಳನ್ನು ಮುಟ್ಟುವ ಕೆಲಸವೆಲ್ಲ ಮುಂದೆ ಗಾಜಿನ ಪರದೆ ಇರುವ ಉಕ್ಕಿನ ಗೂಡಿನೊಳಗೆ. ಶೋಧಿಸಿದ ಗಾಳಿ ಅಲ್ಲಿ ಒಂದೇ ಸಮ ಬೀಸುತ್ತಿರುತ್ತದೆ. ಕೈಗವಸು ಹಾಕಿ, ಅದರ ಮೇಲೆ ಶೇಕಡಾ 70ರ ಆಲ್ಕೋಹಾಲ್ ಚಿಮುಕಿಸಿಕೊಂಡೇ ಕೈ ಒಳಗಿಡಬೇಕು. ಒಳಗಿಟ್ಟ ಕೈ ಹೊರಗೆ ಬಂದು ಏನನ್ನಾದರೂ ತಾಕಿದರೆ ಮತ್ತೆ ಚಿಮುಕಿಸಬೇಕು. ತೆರೆದ ಪಾತ್ರೆಯ ಮೇಲೆ ಮಾತಾಡುವಂತಿಲ್ಲ, ಕೈ ಆಡಿಸುವಂತಿಲ್ಲ, ಸೀಸೆಯ ಮುಚ್ಚಳವನ್ನು ಅಂಗಾತ ಇಡುವಂತಿಲ್ಲ. ನಮ್ಮಾಕೆ ಕಣ್ಣರಳಿಸಿ, "ನಮ್ಮತ್ತೆಯವರ ಮಡಿ!" ಎಂದಳು. ನಮ್ಮಮ್ಮ ಹೋಗಿ ವರ್ಷಗಳಾದವು, ಅವರ ಮಡಿಯ ಬಗ್ಗೆ ನಮ್ಮಾಕೆ ಗೌರವದಿಂದ ಮಾತಾಡಿದ್ದನ್ನು ಅವತ್ತೇ ಮೊದಲು ಕೇಳಿದ್ದು. ಶುದ್ಧ ಆಲ್ಕೋಹಾಲಿಗಿಂತ ನೀರು ಬೆರೆಸಿದ್ದೇ ಸೂಕ್ಷ್ಮಾಣುಗಳನ್ನು ಚೆನ್ನಾಗಿ ಕೊಲ್ಲುತ್ತದೆ, ಏಕೆಂದರೆ ಬೇಗ ಆರುವುದಿಲ್ಲ, ಒಳಕ್ಕೂ ಇಳಿಯುತ್ತದೆ ಎಂದು ಡಾಕ್ಟ್ರಮ್ಮ ವಿವರಿಸಿದಳು. "ಇದನ್ನು ನಮ್ಮ ಹಾಲಿನವನ ಮುಂದೆ ಹೇಳಬೇಡಮ್ಮ" ಎಂದಳು ನಮ್ಮಾಕೆ.

ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಭಯಂಕರವಾದದ್ದು ಏನೋ ಕಾಣುತ್ತದೆಂದು ಮನಸ್ಸು ಗಟ್ಟಿಮಾಡಿಕೊಂಡು ಬಗ್ಗಿದೆ. ಕಂಡದ್ದು ಒತ್ತೊತ್ತಾಗಿ ಕೂತ ಬಹುಕೋನದ ಮಚ್ಚೆಗಳು, ಅಷ್ಟೆ. ಸಾಧಾರಣ ಕೋಶಗಳು ಪಕ್ಕದ ಕೋಶ ತಾಕಿದೊಡನೆ ಬೆಳೆಯುವುದನ್ನು ನಿಲ್ಲಿಸುತ್ತವಂತೆ. ಇವು ನಿಲ್ಲಿಸದೆ ಒಂದರ ಮೇಲೊಂದು ಏರುತ್ತಾ ಹೋಗುತ್ತವೆ. ಆ ಗುಣದವರು ನಮ್ಮ ಕ್ರಾಸಿನಲ್ಲೂ ಇದ್ದಾರೆ, ನೋಟಿಸಿಗೂ ಬಗ್ಗುವವರಲ್ಲ.

"ಇದು ಯಾರದು?" ಎಂದು ನಮ್ಮಾಕೆ ಕೇಳಿದಳು. ನಾನೇನೋ ಪೆದ್ದು ಪ್ರಶ್ನೆ ಎಂದುಕೊಂಡೆ. ಅಲ್ಲ, ಅದೇ ಸರಿಯಾದ ಪ್ರಶ್ನೆ. ಪ್ರತಿಯೊಂದಕ್ಕೂ ಒಬ್ಬ ಒಡೆಯನೋ ಒಡತಿಯೋ ಇದ್ದಾರೆ. ಪ್ರಪಂಚದ ಅತಿ ಹೆಚ್ಚು ಪ್ರಯೋಗಾಲಯಗಳಲ್ಲಿ ಬೆಳೆಯುವ ಹೀಲಾ ಕೋಶಗಳು ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಐದು ಮಕ್ಕಳ ತಾಯಿಯವು. ಅಮೆರಿಕದ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ 1951ರಲ್ಲಿ ಅವಳ ಗರ್ಭಕೊರಳಿನ ಗಡ್ಡೆಯಿಂದ ಚೂರು ತೆಗೆದರು. ಅವಳನ್ನು ಒಂದು ಮಾತು ಕೇಳಲಿಲ್ಲ. ಅದೇ ವರ್ಷ, 31ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಕೋಶಗಳು ಮಾತ್ರ ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಇವತ್ತಿಗೂ ಇವೆ. ಸ್ತನ ಕ್ಯಾನ್ಸರಿನ ಸಂಶೋಧನೆಗೆ ಎಲ್ಲರೂ ಹಿಡಿಯುವ ಎಂಸಿಎಫ್-7 ಕೋಶಗಳು 1970ರಲ್ಲಿ ತೀರಿಕೊಂಡ ಮಿಷಿಗನ್ನಿನ ಒಬ್ಬ ಕ್ರೈಸ್ತ ಸನ್ಯಾಸಿನಿಯವು; ಸಿಸ್ಟರ್ ಕ್ಯಾಥರಿನ್ ಫ್ರಾನ್ಸಿಸ್ ಎಂದು ಹೆಸರು. ನಮ್ಮಾಕೆ ಕೆನ್ನೆ ಕೆನ್ನೆ ಬಡಿದುಕೊಂಡಳು. ದಾರಿಯುದ್ದಕ್ಕೂ, ಕಾಳಿದಾಸ ರಸ್ತೆಯ ಸಿಗ್ನಲ್ಲಿನಲ್ಲಿ ಕೂಡ, ಅವಳ ತಲೆ ತಿಂದ ಸಮಸ್ಯೆ ಒಂದೇ: ದೇಹದ ಭಾಗ ಇನ್ನೂ ಬದುಕಿ ಬೆಳೆಯುತ್ತಿರುವಾಗ ಆ ಪುಣ್ಯಾತ್ಗಿತ್ತಿಯರ ವೈಕುಂಠ ಸಮಾರಾಧನೆ ಮಾಡಬಹುದೇ, ಬಾರದೇ? ನಮ್ಮ ಪುರೋಹಿತರನ್ನು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, ಧರ್ಮಸಿಂಧುವಿನಲ್ಲಿ ನೋಡಿ ಹೇಳುತ್ತೇನೆ ಎಂದು ಹೋದವರು ಆಮೇಲೆ ಆ ಮಾತೇ ಎತ್ತಿಲ್ಲ.

ನಾನು ಬಗ್ಗಿ ನೋಡಿದ ಮಚ್ಚೆಗಳು ಮಾತ್ರ ಒಬ್ಬ ಗಂಡಸಿನವು. ಹೆಸರು ಯಾರಿಗೂ ತಿಳಿಸಿಲ್ಲ. ಫ್ರಾನ್ಸಿನ ನೀಸ್ ನಗರದ ಕ್ಯಾನ್ಸರ್ ಕೇಂದ್ರದಲ್ಲಿ 1982ರಲ್ಲಿ, 56 ವರ್ಷದ ಒಬ್ಬನ ನಾಲಗೆಯಿಂದ ತೆಗೆದದ್ದು. ಕ್ಯಾಲ್-27 ಎಂದು ಕರೆಯುತ್ತಾರೆ. ನಮ್ಮ ಡಾಕ್ಟ್ರಮ್ಮನ ವಿಷಯ ಬಾಯಿಯ ಕ್ಯಾನ್ಸರು. ಅಡಿಕೆಯ ರಸ ಬಿದ್ದಾಗ ನಾಲಗೆಯ ಕೋಶಗಳಲ್ಲಿ ಏನೇನು ಏರುಪೇರಾಗುತ್ತದೆ ಎಂಬುದು ಅವಳ ಪ್ರಶ್ನೆ. ಹೀಗಾಗಿ, ಬದುಕಿದ್ದಾಗ ವೀಳ್ಯದೆಲೆಯನ್ನು ಬಹುಶಃ ಕಂಡೇ ಇರದ ಫ್ರಾನ್ಸಿನವನೊಬ್ಬನ ನಾಲಗೆಗೆ ಮೈಸೂರಿನಲ್ಲಿ ಇಷ್ಟು ವರ್ಷದ ಮೇಲೆ ತೀರ್ಥಹಳ್ಳಿಯ ಹುಡುಗಿ ಅಡಿಕೆಯ ರುಚಿ ತೋರಿಸುತ್ತಿದ್ದಾಳೆ. ಎಲೆ ಅಡಿಕೆ ಜಗಿದವರ ಬಾಯಿಂದಲೇ ಬೆಳೆಸಿದ ಕೋಶಗಳು ಬೇಡವೇ ಎಂದು ಕೇಳಿದೆ. ಬೇಕು ಅಂಕಲ್, ಮುಂಬಯಿಯಲ್ಲಿ ನಮ್ಮವರ ನಾಲಗೆಯ ಕೋಶಗಳನ್ನು ಬೆಳೆಸಿದ್ದಾರೆ, ಇನ್ನೂ ಬೇಕು, ಆದರೆ ಅವು ಸುಲಭಕ್ಕೆ ಬದುಕುವುದಿಲ್ಲ ಎಂದಳು. ದೇಹದೊಳಗೆ ಯಾರ ಮಾತೂ ಕೇಳದ ಕ್ಯಾನ್ಸರು ಹೊರಗೆ ಬಂದೊಡನೆ ಬಹಳ ಕೋಮಲವಾಗಿಬಿಡುತ್ತದಂತೆ.

ಅಡಿಕೆಯ ವಿಷಯ ಅವಳಿಗೆ ಬರೀ ವಿಜ್ಞಾನವಲ್ಲ. ಅಪ್ಪನದು ಅಡಿಕೆ ತೋಟ. ಹಾಸ್ಟೆಲಿನ ಖರ್ಚಿನಿಂದ ಹಿಡಿದು ಪಿಎಚ್‌ಡಿ ಪ್ರಬಂಧದ ಬೈಂಡಿಂಗಿನವರೆಗೆ ಎಲ್ಲವೂ ರಾಶಿ ಇಡಿಯ ದುಡ್ಡು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಬೆರೆಸದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಮೊದಲ ದರ್ಜೆಯ ಪಟ್ಟಿಗೆ ಸೇರಿಸಿತು. ಅದಕ್ಕೂ ಮುಂಚಿನಿಂದ ದಂತವೈದ್ಯರು ಕಂಡದ್ದು ಬೇರೆ: ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯದೆ, ಮುದ್ದೆಯನ್ನು ತೂರಿಸಲಾಗದೆ ಬರುವ ಹುಡುಗರು. ಈ ಮಾತನ್ನು ಮಲೆನಾಡಿನಲ್ಲಿ ಗಟ್ಟಿಯಾಗಿ ಆಡುವಂತಿಲ್ಲ. ಅಪ್ಪ ಒಮ್ಮೆ ಮೈಸೂರಿಗೆ ಬಂದಿದ್ದಾಗ ನಮ್ಮ ಜಗಲಿಯಲ್ಲಿ ಕೂತು, ಸಂಚಿ ಬಿಚ್ಚಿ, ಕವಳ ಹಾಕಿಕೊಂಡೇ ಮಗಳ ಸಂಶೋಧನೆಯನ್ನು ನನಗೆ ವಿವರಿಸಿದರು. "ಇವಳು ಹೇಳೋದು ಗುಟ್ಕಾಕ್ಕೆ ಹಾಕೋ ಅಡಿಕೆ ಬಗ್ಗೆ ಸ್ವಾಮಿ, ನಮ್ಮ ತೋಟದ್ದರ ಬಗ್ಗೆ ಅಲ್ಲ." ಮಗಳು ಒಳಗೆ ನಮ್ಮಾಕೆಗೆ ಕಾಯಿ ತುರಿದು ಕೊಡುತ್ತಿದ್ದಳು. ತುರಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಪ್ಪನದೇ ತೋಟದ ಅಡಿಕೆಯನ್ನು ಕುಟ್ಟಿ ರಸ ತೆಗೆದು ಆ ಫ್ರಾನ್ಸಿನವನ ನಾಲಗೆಗೆ ಹಾಕಿ ನೋಡಿದ್ದಾಳೆ ಎಂಬುದು ನನಗೆ ಗೊತ್ತಿತ್ತು. ಬಾಡಿಗೆದಾರರ ಗುಟ್ಟು ಕಾಯುವುದೂ ಮನೆ ಮಾಲೀಕನ ಕರ್ತವ್ಯ.

ನಾವೇನೂ ಮಲೆನಾಡಿನವರಿಗೆ ಬುದ್ಧಿ ಹೇಳುವಷ್ಟು ಶುದ್ಧರಲ್ಲ. ಮೈಸೂರಿನ ಚಿಗುರೆಲೆಗೆ ಭೌಗೋಳಿಕ ಗುರುತು ಸಿಕ್ಕಿದೆ ಎಂದು ಬೀಗುವವರು ನಾವು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟರೆ ಹೊಲಗಳಲ್ಲಿ ಹೊಗೆಸೊಪ್ಪು, ಹೊಲದಂಚಿನಲ್ಲಿ ಅದನ್ನು ಹದ ಮಾಡುವ ಬ್ಯಾರನ್ನುಗಳು. ಊರಿನ ಒಂದು ಕಡೆ ಬೆಳೆ, ಇನ್ನೊಂದು ಕಡೆ ಅದರ ಪರಿಣಾಮದ ಸಂಶೋಧನೆ, ನಡುವೆ ಆಸ್ಪತ್ರೆ.

ನಮ್ಮ ಬೀದಿಯವರಿಗೆ ಇದೆಲ್ಲ ಬೇಡ. ಅವರಿಗೆ ಬೇಕಾದ್ದು ಔಷಧಿ. "ಏನಮ್ಮಾ, ಕಂಡುಹಿಡಿದೆಯಾ?" ಎಂದು ಗೇಟಿನ ಹತ್ತಿರ ಕೇಳುವವರು ತಿಂಗಳಿಗೆ ನಾಲ್ಕು ಜನವಾದರೂ ಇದ್ದಾರೆ. ಕಂಡುಹಿಡಿಯದಿದ್ದರೆ ಚಿಂತೆಯಿಲ್ಲ, ತಾವೇ ಹೇಳಿಕೊಡುತ್ತಾರೆ: ಅಮೃತಬಳ್ಳಿ, ಗೋಧಿಹುಲ್ಲು, ಎಲ್ಲಕ್ಕಿಂತ ಮೊದಲು ಅರಿಶಿನ. ನಮ್ಮಾಕೆಯೂ ಅರಿಶಿನದ ಪಕ್ಷ. ಪಕ್ಕದ ಚಾಮರಾಜನಗರದಲ್ಲಿ ಬೆಳೆಯುವುದನ್ನು ಬಿಟ್ಟು ಫ್ರಾನ್ಸಿನ ನಾಲಗೆ ಯಾಕೆ ಎಂಬುದು ಅವಳ ವಾದ. ಅಮೆರಿಕದವರು 1995ರಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಪೇಟೆಂಟ್ ಪಡೆದಾಗ, ನಮ್ಮ ಸಿಎಸ್‌ಐಆರ್ ದಾಖಲೆಗಳನ್ನು ಮುಂದಿಟ್ಟು ಜಗಳವಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿದ ಕಥೆ ಅವಳಿಗೆ ಬಾಯಿಪಾಠ. ಡಾಕ್ಟ್ರಮ್ಮ ತಾಳ್ಮೆಯಿಂದ ಕೇಳಿ, ಗಾಯದ ಮಾತು ಬೇರೆ ಆಂಟಿ ಎನ್ನುತ್ತಾಳೆ. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ನಿಜ. ಆದರೆ ನುಂಗಿದ್ದು ರಕ್ತಕ್ಕೆ ಸೇರುವುದೇ ಅತ್ಯಲ್ಪ. ಸೇರಿದ್ದೂ ಬೇಗ ಒಡೆದುಹೋಗುತ್ತದೆ. ಅಮೆರಿಕದ ರಸಾಯನ ವಿಜ್ಞಾನಿಗಳು 2017ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ರೋಗಿಗೂ ವೈದ್ಯನಿಗೂ ಯಾವುದು ಔಷಧಿ ಯಾವುದು ಹುಸಿ ಎಂದು ತಿಳಿಸದೆ ನಡೆಸಿದ ಒಂದೇ ಒಂದು ಪರೀಕ್ಷೆಯಲ್ಲೂ ಅದು ಗೆದ್ದಿಲ್ಲ ಎಂದು ಬರೆದರು.

ಸಾಲದ್ದಕ್ಕೆ ಅದರ ಬಣ್ಣ ಬೇರೆ. ಔಷಧಿ ಹಾಕಿದ ಮೇಲೆ ಎಷ್ಟು ಕೋಶ ಉಳಿದಿವೆ ಎಂದು ನೋಡಲು ಇವರು ಎಂಟು ಸಾಲು, ಹನ್ನೆರಡು ಕಂಬದ 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಒಂದು ಹಳದಿ ದ್ರಾವಣ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ; ಸತ್ತದ್ದು ಮಾಡುವುದಿಲ್ಲ. ನೇರಳೆಯ ಗಾಢತೆಯನ್ನು ಯಂತ್ರ ಓದಿ ಅಂಕಿ ಕೊಡುತ್ತದೆ. ಕರ್ಕ್ಯುಮಿನ್ನಿನಂಥ ಬಣ್ಣದ ವಸ್ತು ಸೇರಿದರೆ ಆ ಓದೇ ಹಳಿ ತಪ್ಪಬಹುದು. ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಅವಳು ಆಮೇಲೆ ಹೇಳಿದ ಮಾತು. "ತಟ್ಟೆಯಲ್ಲಿ ಕ್ಯಾನ್ಸರನ್ನ ಕೊಲ್ಲೋದು ದೊಡ್ಡದಲ್ಲ ಅಂಕಲ್. ಆಂಟಿಯ ಸಾರು ಹಾಕಿದರೂ ಸಾಯುತ್ತೆ. ಪಕ್ಕದ ಒಳ್ಳೆ ಕೋಶ ಸಾಯಬಾರದು, ಅದು ಕಷ್ಟ." ಈ ಮಾತು ಒಳಗೆ ಅರ್ಧ ಮಾತ್ರ ಕೇಳಿಸಿ, ಎರಡು ದಿನ ನಮ್ಮನೆಯಲ್ಲಿ ಸಾರು ಆಗಲಿಲ್ಲ. ಹುಳಿಯಲ್ಲೇ ಊಟ ಮುಗಿಸಿದೆವು.

ಅವಳ ಲೇಖನಗಳು ವಿದೇಶದ ಪತ್ರಿಕೆಗಳಿಗೆ ಹೋಗುತ್ತವೆ, ವಾಪಸು ಬರುತ್ತವೆ. ನನ್ನವು ಬೆಂಗಳೂರಿನ ಪತ್ರಿಕೆಗಳಿಗೆ ಹೋಗಿ ವಾಪಸು ಬರುತ್ತವೆ. ಹೀಗಾಗಿ ಜಗಲಿಯಲ್ಲಿ ನಮ್ಮಿಬ್ಬರಿಗೆ ಮಾತಿಗೆ ಬರವಿಲ್ಲ. ವ್ಯತ್ಯಾಸವೆಂದರೆ ನನಗೆ "ಸ್ಥಳಾಭಾವದಿಂದ" ಎಂಬ ಒಂದೇ ಪದ ಸಿಗುತ್ತದೆ, ಅವಳಿಗೆ ಮೂರು ಜನ ಅಜ್ಞಾತ ವಿಮರ್ಶಕರು ಪುಟಗಟ್ಟಲೆ ಬೈದು ಬರೆಯುತ್ತಾರೆ. ಇನ್ನೊಂದು ಪ್ರಯೋಗ ಮಾಡಿ ತನ್ನಿ ಎನ್ನುತ್ತಾರೆ. ಅದಕ್ಕೆ ಆರು ತಿಂಗಳು, ಫೆಲೋಶಿಪ್ ಮುಗಿಯಲು ನಾಲ್ಕು ತಿಂಗಳು. ಆ ಗಣಿತವನ್ನು ಯಾವ ವಿಮರ್ಶಕನೂ ಮಾಡಿದಂತೆ ಕಾಣುವುದಿಲ್ಲ.

ಜಂಬೂಸವಾರಿಯ ದಿನ ಅವಳನ್ನೂ ಕರೆದುಕೊಂಡು ಹೋಗಿದ್ದೆವು. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಬಂದ ಆನೆಗೆ ಎಲ್ಲರೂ ಕೈ ಮುಗಿದರೆ ಇವಳು ಲೆಕ್ಕ ಹಾಕುತ್ತಿದ್ದಳು. ಮನುಷ್ಯನಿಗಿಂತ ಎಷ್ಟೋ ಪಟ್ಟು ಹೆಚ್ಚು ಕೋಶಗಳಿರುವ ಆನೆಗೆ ಕ್ಯಾನ್ಸರ್ ಬರುವ ಸಂಭವವೂ ಅಷ್ಟೇ ಹೆಚ್ಚಿರಬೇಕಲ್ಲ? ಆದರೆ ಆನೆಗೆ ಕ್ಯಾನ್ಸರ್ ಬರುವುದೇ ಅಪರೂಪ. ಕೆಟ್ಟ ಕೋಶವನ್ನು ದುರಸ್ತಿ ಮಾಡು, ಆಗದಿದ್ದರೆ ಸಾಯಿಸು ಎಂದು ಹೇಳುವ ಪಿ53 ಎಂಬ ಜೀನು ನಮಗೆ ಒಂದೇ. ಆನೆಗೆ ಸುಮಾರು 20 ಎಂದು 2015ರಲ್ಲಿ ಗೊತ್ತಾಯಿತು. ಅಮೆರಿಕದವರು ಅದಕ್ಕಾಗಿ ಸರ್ಕಸ್ಸಿನ ಆನೆಗಳ ರಕ್ತ ತೆಗೆದು ನೋಡಿದರಂತೆ. ನಮ್ಮಲ್ಲಿ ಪಟ್ಟದ ಆನೆಗೆ ಸೂಜಿ ಚುಚ್ಚುತ್ತೇನೆಂದರೆ ಮಾವುತ ಬಿಟ್ಟಾನೆಯೇ? ಈ ಮಾತನ್ನು ಅವಳು ಸ್ವಲ್ಪ ಗಟ್ಟಿಯಾಗಿ ಆಡಿದ್ದರಿಂದ ಮುಂದಿನ ಸಾಲಿನವರು ತಿರುಗಿ ನೋಡಿದರು.

ಕ್ಯಾನ್ಸರ್ ಎಂಬ ಪದವನ್ನು ಅವಳಷ್ಟು ಸಲೀಸಾಗಿ ಆಡುವವರು ನಮ್ಮ ಬಡಾವಣೆಯಲ್ಲಿ ಇರಲಿಲ್ಲ. "ಅದು" ಅನ್ನುತ್ತಾರೆ, ಇಲ್ಲವೇ ಬೆರಳು ಸನ್ನೆ ಮಾಡುತ್ತಾರೆ. ಹಿಂದೆ ಕ್ಷಯದ ಕಥೆಯೂ ಇದೇ. ಕೆಆರ್‌ಎಸ್ ರಸ್ತೆಯಲ್ಲಿ ನಮ್ಮ ಮಗ್ಗುಲಲ್ಲೇ ಇರುವ ಸ್ಯಾನಿಟೋರಿಯಂ, ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ರಾಜಮನೆತನವನ್ನೂ ಬಿಡದ ಕಾಯಿಲೆ ಅದು. ಔಷಧಿ ಇಲ್ಲದ ಆ ಕಾಲದಲ್ಲಿ ಒಳ್ಳೆ ಗಾಳಿ, ಬಿಸಿಲು, ಹಾಲು, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ನಾವು ಹುಡುಗರಾಗಿದ್ದಾಗ ಆ ಕಾಂಪೌಂಡು ದಾಟುವವರೆಗೂ ಉಸಿರು ಬಿಗಿಹಿಡಿದು ಸೈಕಲ್ ತುಳಿಯುತ್ತಿದ್ದೆವು. ಈಗ ಅದೇ ಆವರಣದಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಎದ್ದಿದೆ. ಉಸಿರು ಹಿಡಿಯುವವರು ಯಾರೂ ಇಲ್ಲ, ಪಾರ್ಕಿಂಗಿಗೆ ಜಾಗ ಹುಡುಕುವವರೇ ಎಲ್ಲ.

ಎದುರುಮನೆ ಮೇಷ್ಟ್ರು ಒಂದು ಸಂಜೆ ಲಕೋಟೆ ಹಿಡಿದು ನಮ್ಮ ಮೆಟ್ಟಿಲು ಹತ್ತಿದಾಗ ನಾನು ಪೆನ್ಷನ್ ಕಾಗದ ಎಂದುಕೊಂಡೆ. ಅವರು ನನ್ನನ್ನು ದಾಟಿ ಮಹಡಿಗೆ ಹೋದರು. ನಾಲಗೆಯ ಪಕ್ಕದಲ್ಲಿ ಎದ್ದ ಬಿಳಿ ಕಲೆ ಹುಣ್ಣಾಗಿ ಮಾಯದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಂತೆ. ಕನ್ನಡ ಪಂಡಿತರಾಗಿ ನಿವೃತ್ತರಾದವರು, ನಾಲ್ಕು ದಶಕ ಎಲೆ ಅಡಿಕೆ ಕಡ್ಡಿಪುಡಿಯಿಲ್ಲದೆ ವ್ಯಾಕರಣ ಹೇಳಿದವರಲ್ಲ. ಆ ವರದಿಯ ಒಂದೊಂದು ಪದವೂ ಡಾಕ್ಟ್ರಮ್ಮನಿಗೆ ಗೊತ್ತು, ಆ ಕೋಶದ ಯಾವ ಜೀನು ಎಲ್ಲಿ ಮುರಿದಿರಬಹುದು ಎಂಬುದೂ ಗೊತ್ತು. ಮೇಷ್ಟ್ರು ಕೇಳಿದ್ದು ಮಾತ್ರ, "ನಾಳೆ ಎಷ್ಟು ಗಂಟೆಗೆ, ಯಾವ ಕೌಂಟರಿಗೆ ಹೋಗಬೇಕಮ್ಮ?" ಎಂದು. ಅದು ಅವಳಿಗೆ ಗೊತ್ತಿರಲಿಲ್ಲ. ಮರುದಿನ ಕೋಶಗಳನ್ನು ಸಹೋದ್ಯೋಗಿಗೆ ಒಪ್ಪಿಸಿ ಅವರ ಜೊತೆ ಆಸ್ಪತ್ರೆಗೆ ಹೋದಳು. ಹಬ್ಬಕ್ಕೆ ಸಿಗದ ರಜೆ ಅವತ್ತು ಹೇಗೆ ಸಿಕ್ಕಿತೋ.

ಶಸ್ತ್ರಚಿಕಿತ್ಸೆ ಎಂದು ತೀರ್ಮಾನವಾಯಿತು. ಕತ್ತರಿಸಿ ತೆಗೆದ ಭಾಗದಲ್ಲಿ ಪರೀಕ್ಷೆಗೆ ಬೇಕಾದ್ದು ಹೋಗಿ ಉಳಿದ ಚೂರನ್ನು ಪ್ರಯೋಗಾಲಯಕ್ಕೆ ಕೊಡಬಹುದೇ ಎಂದು ಮೇಷ್ಟ್ರನ್ನು ಕೇಳಿದರು. ಈಗ ಹೆನ್ರಿಯೆಟ್ಟಾಳ ಕಾಲವಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಕನ್ನಡದ ಪತ್ರ ಬಂತು. ಮೇಷ್ಟ್ರು ಕನ್ನಡಕ ಏರಿಸಿ ಓದತೊಡಗಿದರು. "ಅಂಗಾಂಶದ ಮಾದರಿಯನ್ನು ತೆಗೆದುಕೊಳ್ಳಲ್ಪಡಲಾಗುವುದು" ಎಂಬಲ್ಲಿಗೆ ಬಂದಾಗ ಅವರ ಮುಖದಲ್ಲಿ ನೋವು ಕಾಣಿಸಿತು. ಕಾಯಿಲೆ ಗೊತ್ತಾದ ದಿನವೂ ಅಷ್ಟು ಕಂಡಿರಲಿಲ್ಲ. ಜೇಬಿನಿಂದ ಕೆಂಪು ಪೆನ್ನು ಬಂತು. ಅರ್ಭುದದ ಬಾಲ ಕತ್ತರಿಸಿದರು, ಮೂರು ಕರ್ಮಣಿ ಪ್ರಯೋಗಗಳನ್ನು ಕರ್ತರಿಗೆ ತಂದರು, ಅಂಚಿನಲ್ಲಿ "ವಾಕ್ಯಕ್ಕೆ ಕರ್ತೃ ಎಲ್ಲಿ?" ಎಂದು ಬರೆದರು. ತಿದ್ದಿದ ಪತ್ರಕ್ಕೆ ಸಹಿ ಹಾಕುತ್ತೇನೆಂದು ಹಟ ಹಿಡಿದರು. ಅದು ಸಾಧ್ಯವಿಲ್ಲ. ಒಪ್ಪಿಗೆ ಪತ್ರದಲ್ಲಿ ಒಂದು ಅಕ್ಷರ ಬದಲಾದರೂ ನೀತಿ ಸಮಿತಿಯ ಮುಂದೆ ಮತ್ತೆ ಹೋಗಬೇಕು. ಸಮಿತಿ ಕೂಡುವವರೆಗೆ ಗಡ್ಡೆ ಕಾಯುವುದಿಲ್ಲ. ಕೊನೆಗೆ ಅವರು ತಪ್ಪು ಕನ್ನಡದ ಪತ್ರಕ್ಕೇ ಸಹಿ ಮಾಡಿ, ಕೆಳಗೆ "ಭಾಷೆಗೆ ಒಪ್ಪಿಗೆ ಇಲ್ಲ" ಎಂದು ಸೇರಿಸಿದರು.

ಆ ಚೂರನ್ನು ಮಂಜಿನ ಡಬ್ಬಿಯಲ್ಲಿಟ್ಟುಕೊಂಡು ಡಾಕ್ಟ್ರಮ್ಮ ಹೊತ್ತು ಮುಳುಗುವ ಮುಂಚೆ ಪ್ರಯೋಗಾಲಯ ಮುಟ್ಟಿದಳು. ಬಾಯಿಯ ಸೂಕ್ಷ್ಮಾಣುಗಳು ಹೋಗಲೆಂದು ಆಂಟಿಬಯಾಟಿಕ್ಕಿನಲ್ಲಿ ಮತ್ತೆ ಮತ್ತೆ ತೊಳೆದು, ಸಣ್ಣಗೆ ಹೆಚ್ಚಿ, ಬಿಸಿ ಗೂಡಿನಲ್ಲಿಟ್ಟಳು. ಅತ್ತ ಮೇಷ್ಟ್ರಿಗೆ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ. ಮಾತು ತೊದಲಿತು, ಊಟ ಗಂಜಿಗೆ ಇಳಿಯಿತು. ಆದರೂ ಸಂಜೆ ಗೇಟಿನಲ್ಲಿ ಅವಳನ್ನು ತಡೆದು, ತಮ್ಮ ಕೋಶಗಳ ಯೋಗಕ್ಷೇಮ ವಿಚಾರಿಸುತ್ತಿದ್ದರು. ಒಂದು ದಿನ ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಕ್ಯಾನ್ಸರ್ ಕೋಶಗಳು ತಟ್ಟೆಗೆ ಅಂಟದೆ ಸೊರಗಿದವು. ಜೊತೆಗಿದ್ದ ಸಾಧಾರಣ ನಾರುಕೋಶಗಳು ಹಬ್ಬಿ ಜಾಗವನ್ನೆಲ್ಲ ಹಿಡಿದವು. ಹೊಸ ಕೋಶಗಳು ಸಿಕ್ಕರೆ ಒಂದು ಒಳ್ಳೆಯ ಲೇಖನವಾಗುತ್ತಿತ್ತು, ಫೆಲೋಶಿಪ್ಪು ಮುಂದುವರಿಯುತ್ತಿತ್ತು. "ಎಲ್ಲ ಸತ್ತವು ಆಂಟಿ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಮ್ಮಾಕೆ ದೇವರಿಗೆ ತುಪ್ಪದ ದೀಪ ಹಚ್ಚಿ ಸಜ್ಜಿಗೆ ಮಾಡಿದಳು. ಮೇಷ್ಟ್ರಿಗೆ ಖುಷಿಯೂ ಆಯಿತು, ಸ್ವಲ್ಪ ಅವಮಾನವೂ ಆದಂತೆ ಕಂಡಿತು. "ಆ ಫ್ರಾನ್ಸಿನವನದು ಅಷ್ಟು ವರ್ಷದಿಂದ ಇದೆ ಅಂತೀಯ" ಎಂದು ತೊದಲುತ್ತಲೇ ಕೇಳಿದರು.

ನೀತಿ ಸಮಿತಿ ಈಚೆಗೆ ಒಪ್ಪಿಗೆ ಪತ್ರದ ಎರಡನೇ ಆವೃತ್ತಿಗೆ ಅನುಮೋದನೆ ಕೊಟ್ಟಿತು. ಮೇಷ್ಟ್ರ ಕನ್ನಡವನ್ನು ಪೂರ್ತಿ ಒಪ್ಪಿಕೊಂಡಿದ್ದಾರೆ. ಅವಳು ಒಂದು ಪ್ರತಿಯನ್ನು ತಂದು ಕೊಟ್ಟಳು. ಅವರು ಅದನ್ನು ಜಗಲಿಯ ಬೆಳಕಿಗೆ ಹಿಡಿದು ಎರಡು ಸಲ ಓದಿ, ಎರಡನೇ ಪುಟದಲ್ಲಿ ಬೆರಳಚ್ಚಿನವನು ಬಿಟ್ಟ ಒಂದು ಒತ್ತಕ್ಷರವನ್ನು ಹುಡುಕಿ ತೆಗೆದಿದ್ದಾರೆ. ಮೂರನೇ ಆವೃತ್ತಿಗೆ ಅರ್ಜಿ ಹಾಕು ಎಂದು ಈಗ ಅವಳ ಬೆನ್ನು ಹತ್ತಿದ್ದಾರೆ.